ರಾಜೀವಿಯ ತುರಿಮಣೆ, ಶೆಟ್ಟರ ಸೌಟು

ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಹಿಂದೆ ಇರುವ ಸೀನ ಶೆಟ್ಟರ ಹೋಟೆಲಿನಲ್ಲಿ ರಾಜೀವಿ ಇಪ್ಪತ್ತೆರಡು ವರ್ಷ ತೆಂಗಿನಕಾಯಿ ತುರಿದಿದ್ದಳು. ಅವಳು ತುರಿದದ್ದನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಠಾಣೆ ಊರಿನ ಖಾಡಿಯ ಹಿನ್ನೀರೆಲ್ಲ ಮುಚ್ಚಿಹೋಗಿ, ಜನ ಚಪ್ಪಲಿ ಒದ್ದೆಯಾಗದೆ ಆಚೆ ದಡಕ್ಕೆ ನಡೆದುಹೋಗಬಹುದಿತ್ತು. ಯಂತ್ರದಲ್ಲಿ ತುರಿದರೆ ಚಟ್ನಿಗೆ ಕಬ್ಬಿಣದ ವಾಸನೆ ಬರುತ್ತದೆಂದು ಶೆಟ್ಟರ ನಂಬಿಕೆ. ಮನುಷ್ಯರಿಗೆ ಕಬ್ಬಿಣ ತಾಗಿದರೆ ಅಡ್ಡಿಯಿಲ್ಲವೆಂಬುದೂ ಅವರದೇ ನಂಬಿಕೆ. ಗೋಡೆಯ ಮೊಳೆಗೆ ಅವರದೊಂದು ಉದ್ದ ಹಿಡಿಯ ಕಬ್ಬಿಣದ ಸೌಟು ತೂಗುತ್ತಿತ್ತು. ಅದು ಸಾಂಬಾರಿಗೆ ಇಳಿದದ್ದನ್ನು ಕಂಡವರಿಲ್ಲ, ಬೆನ್ನಿಗೆ ಇಳಿಯದ ದಿನವನ್ನೂ ಕಂಡವರಿಲ್ಲ. ರಾಜೀವಿಯ ಎಡಗಿವಿ ಕಿವುಡಾದದ್ದು ಅದರಿಂದ, ಬಲಗೈಯ ಕಿರುಬೆರಳು ಸೊಟ್ಟಗಾದದ್ದೂ ಅದರಿಂದ. ಪೆಟ್ಟು ತಿಂದವಳು ಮರುಗಳಿಗೆ ಮತ್ತೆ ತುರಿಮಣೆ ಏರುತ್ತಿದ್ದಳು. ಎದ್ದು ಹೋದರೆ ನಾಳೆ ಒಲೆಯ ಮೇಲೆ ಏನಿಡುವುದು?

ಹೀಗಿರುವಾಗ ಸರಕಾರ ಹೆಂಗಸರ ಖಾತೆಗೆ ತಿಂಗಳಿಗೆ ಒಂದೂವರೆ ಸಾವಿರ ಹಾಕತೊಡಗಿತು. ರಾಜೀವಿ ಐದು ತಿಂಗಳು ಅದನ್ನು ಮುಟ್ಟಲಿಲ್ಲ. ಸುದ್ದಿ ಮಾತ್ರ ಶೆಟ್ಟರನ್ನು ಮುಟ್ಟಿತು.

"ಇನ್ನು ತುರಿದ ಕಾಯಿಗೆ ಎರಡು ರೂಪಾಯಿ ಕೂಲಿ ಇಲ್ಲ, ಒಂದೂವರೆ," ಎಂದರು. "ನಿಮಗೆ ಸರಕಾರ ಕೂತಲ್ಲಿಗೇ ಕೊಡ್ತದೆ. ಎರಡೂ ಕಡೆ ತಿಂದ್ರೆ ಅಜೀರ್ಣ ಆಗ್ತದೆ ಮಾರಾಯ್ತಿ."

"ಸರಕಾರ ಕೊಟ್ಟದ್ದು ನಂಗಲ್ವಾ ಶೆಟ್ರೆ? ನಿಮಗೆ ಕೊಡ್ಲಿಕ್ಕೆ ಹೇಳಿದ್ದಾ?"

ಸೌಟು ಎದ್ದಿತು. ಭುಜಕ್ಕೆ ಬಿದ್ದ ಸದ್ದಿಗೆ ಎರಡು ಸ್ಟೇಷನ್ ಆಚೆಯ ಮುಲುಂಡಿನ ಕಾಗೆಗಳೂ ಹಾರಿದವು. ಚರ್ಮ ಸೀಳಿ, ಬಿಳಿ ತುರಿಯ ಮೇಲೆ ರಕ್ತ ತೊಟ್ಟಿಕ್ಕಿತು. ರಾಜೀವಿ ಎದ್ದಳು.

"ಕೂತ್ಕೊ!"

ಎರಡನೆಯ ಏಟನ್ನು ಅವಳು ಗಾಳಿಯಲ್ಲೇ ಹಿಡಿದಳು. ಇಪ್ಪತ್ತೆರಡು ವರ್ಷ ಕಾಯಿ ಒತ್ತಿದ ಮುಷ್ಟಿ ಅದು. ಎಳೆದಳು. ಸೌಟಿನ ಜೊತೆ ಶೆಟ್ಟರೂ ಬಂದು ಕಾಯಿರಾಶಿಯ ಮೇಲೆ ಮುಗ್ಗರಿಸಿದರು, ಹಲ್ಲೊಂದು ಉದುರಿತು.

"ಇದು ಕಿವಿಗೆ!" ಮೊಣಕಾಲಿಗೆ ಬಿತ್ತು. "ಇದು ಬೆರಳಿಗೆ!" ಸೊಂಟಕ್ಕೆ ಬಿತ್ತು.

ಪಕ್ಕದ ತುರಿಮಣೆಯ ವಸಂತಿ, "ಅಕ್ಕಾ, ನಂದೂ ಎರಡುಂಟು!" ಎಂದು ಕೂಗಿದಳು. ಅವೂ ಬಿದ್ದವು. ಇಬ್ಬರೂ ಸೌಟಿನ ಸಮೇತ ಮನೆಗೆ ಹೋದರು.

ರಾಜೀವಿ ತಾನಿದ್ದ ಚಾಲಿನ ಒಂಟಿಕೋಣೆಯ ಖೋಲಿಯಲ್ಲಿ ಹನ್ನೆರಡು ದಿನ ಕೂತು ಸರಕಾರದ ದುಡ್ಡಿನ ಗಂಜಿ ಉಂಡಳು. "ಪುಕ್ಕಟೆ ಬಂದ್ರೆ ಜನ ಕೆಲಸ ಬಿಡ್ತಾರೆ, ನಾನು ಹೇಳ್ಲಿಲ್ವಾ?" ಎಂದು ಶೆಟ್ಟರು ಗಿರಾಕಿಗಳಿಗೆ ಹೇಳುತ್ತ, ಹಲ್ಲು ಹೋದ ಸಂದಿಯಲ್ಲಿ ಸಿಳ್ಳೆ ಹೊರಡಿಸುತ್ತ, ತಾವೇ ತುರಿಯಲು ಕೂತರು. ಒಂದೂವರೆ ರೂಪಾಯಿಗೆ ಬೇರೆ ಯಾರೂ ಬರಲಿಲ್ಲ. ಸುತ್ತಲ ಹೆಂಗಸರ ಖಾತೆಗೂ ದುಡ್ಡು ಬರುತ್ತಿತ್ತಲ್ಲ. ತುರಿಮಣೆ ಶೆಟ್ಟರ ಬೆರಳುಗಳನ್ನು ಒಂದೊಂದಾಗಿ ಕೊಯ್ದಿತು. ನಾಲ್ಕನೆಯ ದಿನ ಚಟ್ನಿ ಗುಲಾಬಿ ಬಣ್ಣಕ್ಕೆ ತಿರುಗಿತು, ಗಿರಾಕಿಗಳು ಎದುರಿನ ವಡಾಪಾವಿನವನ ಕಡೆಗೆ ತಿರುಗಿದರು.

ಹದಿಮೂರನೆಯ ದಿನ ಶೆಟ್ಟರು ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು, ಕುಂಟುತ್ತ ಚಾಲಿಗೆ ಬಂದರು.

"ಎರಡೇ ಕೊಡ್ತೇನೆ. ಬಾ."

"ಎರಡೂವರೆ."

"ಇದು ದರೋಡೆ!"

"ನನ್ನ ಹತ್ರ ಇನ್ನೂ ಎರಡು ತಿಂಗಳ ಅಕ್ಕಿ ಉಂಟು ಶೆಟ್ರೆ. ನಿಮ್ಮ ಹತ್ರ ಎಷ್ಟು ಬೆರಳುಂಟು?"

ಶೆಟ್ಟರು ಕೈ ನೋಡಿಕೊಂಡು ಒಪ್ಪಿದರು. ಮರುದಿನ ರಾಜೀವಿಯೂ ವಸಂತಿಯೂ ಕೆಲಸಕ್ಕೆ ಮರಳಿದರು.

ಮೊದಲು ದಿನಕ್ಕೆ ನೂರೈವತ್ತು ಕಾಯಿ ತುರಿಯುತ್ತಿದ್ದವಳು ಈಗ ಇನ್ನೂರು ತುರಿಯುತ್ತಾಳೆ. ಪೆಟ್ಟು ಬೀಳುವ ಸದ್ದಿಗೆ ಕಿವಿ ಕೊಟ್ಟು ಕೂರುವ ಕೆಲಸ ತಪ್ಪಿದೆಯಲ್ಲ.

ಮೊನ್ನೆ ವಸಂತಿ ಚಟ್ನಿಯ ಪಾತ್ರೆ ಬೀಳಿಸಿದಳು. ಶೆಟ್ಟರ ಕೈ ಅಭ್ಯಾಸಬಲದಿಂದ ಗೋಡೆಯ ಮೊಳೆಗೆ ಹೋಯಿತು. ಮೊಳೆ ಖಾಲಿ. ರಾಜೀವಿ ತಲೆಯೆತ್ತದೆ ತುರಿಮಣೆಯ ಅಡಿಯಿಂದ ಸೌಟನ್ನೆಳೆದು ತೊಡೆಯ ಮೇಲಿಟ್ಟುಕೊಂಡಳು.

"ಎಂತ ಹುಡುಕ್ತೀರಿ ಶೆಟ್ರೆ?"

"ಬಟ್ಟೆ," ಎಂದ ಶೆಟ್ಟರು, ಒರೆಸುವ ಬಟ್ಟೆ ಹಿಡಿದು ನೆಲಕ್ಕೆ ಬಗ್ಗಿದರು.