ಹೆಣ್ಣು ನೋಡುವ ಶಾಸ್ತ್ರಕ್ಕೆ ಕರಿ ಗಿಟಾರು

ನನ್ನ ಗಿಟಾರು ಹೆಣ್ಣು ನೋಡುವ ಶಾಸ್ತ್ರಕ್ಕೆ ತೆಗೆಯುವಂಥ ಗಿಟಾರೇ ಅಲ್ಲ. ಮೈಯೆಲ್ಲ ಕರ್ರಗೆ, ಮೇಲೊಂದು ಕೆಳಗೊಂದು ಚೂಪು ಕೊಂಬು. ಅಮ್ಮ ಅದನ್ನು ಮೊದಲ ಸಲ ನೋಡಿದಾಗ ದೇವರ ಮನೆ ಬಾಗಿಲು ಮುಂದಕ್ಕೆ ಎಳೆದುಕೊಂಡಿದ್ದಳು.

ದೇವನಹಳ್ಳಿ ಹತ್ತಿರ ಏರ್‌ಪೋರ್ಟ್ ಬಂದ ಮೇಲೆ ಅಲ್ಲೊಂದು ಕಾರ್ಗೋ ಶೆಡ್ಡಿನ ಆಫೀಸಲ್ಲಿ ನನಗೆ ಕೆಲಸ ಸಿಕ್ಕಿತ್ತು. ಪಕ್ಕದ ಸೀಟಿನ ಹುಡುಗ ಬೆಂಗಳೂರಿನವನು, ಕೂದಲು ಬಿಟ್ಟುಕೊಂಡು ಕಿರುಚುವ ಒಂದು ಮೆಟಲ್ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ. ಹೊಸ ಗಿಟಾರು ತಗೊಂಡಾಗ ಹಳೆಯದನ್ನು, ಸದ್ದು ದೊಡ್ಡದು ಮಾಡುವ ಸಣ್ಣದೊಂದು ಆಂಪ್ ಪೆಟ್ಟಿಗೆ ಸಮೇತ, ನನಗೆ ದಾಟಿಸಿದ. "ಗುರು, ಇದರ ಪಿಕಪ್ಪು ಸಿಕ್ಕಾಪಟ್ಟೆ ಜೋರು, ಹುಷಾರು" ಅಂದ. ಪಿಕಪ್ಪು ಅಂದರೆ ತಂತಿಗಳ ಕೆಳಗೆ ಕೂತಿರುವ ಅಯಸ್ಕಾಂತದ ಡಬ್ಬಿಗಳು. ತಂತಿ ಅಲುಗಾಡಿದ್ದನ್ನು ಹಿಡಿದು ಆಂಪಿಗೆ ಕಳಿಸೋದು ಅವುಗಳ ಕೆಲಸ. ನನ್ನವು ಪಿಸುಮಾತನ್ನೂ ಜಗಳ ಮಾಡಿ ಕಳಿಸುವ ಜಾತಿ. ಜೋರಿದ್ದರೆ ಒಳ್ಳೆಯದೇ ಆಯ್ತಲ್ಲ ಅಂತ ನಾನು ಖುಷಿಯಾಗಿ ದೇವನಹಳ್ಳಿ ಪಕ್ಕದ ನಮ್ಮೂರು ವಿಜಯಪುರದ ಬಸ್ಸು ಹತ್ತಿದ್ದೆ.

ನಮ್ಮ ಮನೆ ನೋಡಿದ್ದರೆ ನೀವೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಹಿಂದಿನ ಹಜಾರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಮಷೀನುಗಳು. ಬೆಳಗ್ಗೆ ಶುರುವಾದರೆ ಕತ್ತಲಾಗುವವರೆಗೂ ಗರ್ರೋ ಅನ್ನುತ್ತಿರುತ್ತವೆ. "ಉಪ್ಪು ಸಾಲ್ದು" ಅನ್ನೋದನ್ನೂ ಕೂಗಿಯೇ ಹೇಳಬೇಕು. ಹೊಸಬರು ಬಂದರೆ ಮನೆಯಲ್ಲಿ ಏನೋ ರಂಪ ನಡೀತಿದೆ ಅಂತ ಹೊಸಲಲ್ಲೇ ನಿಂತುಬಿಡುತ್ತಾರೆ. ಮಷೀನು ಓಡುವ ಹೊತ್ತಲ್ಲಿ ಬೇರೆ ಯಾವ ಗಿಟಾರು ತಂದಿದ್ದರೂ ಅದು ಸೊಳ್ಳೆ. ನನ್ನದು ಕೇಳಿಸುತ್ತಿತ್ತು! ಮಷೀನು ನಿಂತಮೇಲೆ ಅದನ್ನು ಮುಟ್ಟೋಕೆ ಅಮ್ಮ ಬಿಡುತ್ತಿರಲಿಲ್ಲ, ಹಾಗಾಗಿ ಡ್ಯೂಟಿ ಇಲ್ಲದ ಹಗಲಲ್ಲೇ ಅಭ್ಯಾಸ. ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿ, ಮೊಬೈಲಲ್ಲಿ ವಿಡಿಯೋ ನೋಡಿಕೊಂಡು, ಎರಡು ವರ್ಷದಲ್ಲಿ ಚೆನ್ನಾಗಿಯೇ ಕಲಿತೆ. ನನ್ನ ನಾದ ಜೇನುತುಪ್ಪ ಇದ್ದ ಹಾಗಿದೆ ಅಂತ ನಂಬಿಕೊಂಡಿದ್ದೆ ಕಣ್ರೀ, ದೇವರಾಣೆ.

ಆಗ ನೆಲಮಂಗಲದ ಕಡೆಯ ಮಧುರೆಯಿಂದ ಒಂದು ಸಂಬಂಧ ಬಂತು. ಜಮೀನಿತ್ತು, ಹುಡುಗನಿಗೆ ನೆಲಮಂಗಲದ ಒಂದು ಗೋಡೌನಿನಲ್ಲಿ ಸಂಬಳದ ಕೆಲಸ. ಫೋಟೋದಲ್ಲಿ ನಗು ತಡೆದುಕೊಂಡು ನಿಂತಿದ್ದ. ನನಗೆ ಹಿಡಿಸಿತು. ಅವನ ತಾಯಿ ಫೋನಲ್ಲಿ ಮಾಮೂಲಿ ಪ್ರಶ್ನೆ ಕೇಳಿದರು, ಹುಡುಗಿ ಹಾಡ್ತಾಳಾ ಅಂತ. ನಾನು ಹಾಡಿದರೆ ಮಷೀನೇ ವಾಸಿ. ಅಮ್ಮ ಗಾಬರಿಯಲ್ಲಿ "ಗಿಟಾರು ಬಾರಿಸ್ತಾಳೆ" ಅಂದುಬಿಟ್ಟಳು.

ಫೋನ್ ಇಟ್ಟಮೇಲೆ ಅಪ್ಪ ಖಡಾಖಂಡಿತವಾಗಿ ಹೇಳಿದರು. "ನೋಡವ್ವಾ, ಅವ್ರ ಮುಂದೆ ಬಾರ್ಸು. ಅವ್ರು ಹೂಂ ಅಂದ್ರೆ ಅದು ನಿನ್ ಜೊತೆ ಹೋಗ್ಲಿ. ಮುಖ ಸಿಂಡರಿಸಿದ್ರೆ ಇಲ್ಲೇ ಅಟ್ಟದ ಮೇಲೆ ಬಿದ್ದಿರ್ಲಿ. ಆಮೇಲೆ ಸೊಲ್ಲೆತ್ತಂಗಿಲ್ಲ." ನಾನು ರೋಷಕ್ಕೆ ಬಿದ್ದು "ಆಯ್ತು ಬಿಡಿ" ಅಂದೆ.

ಭಾನುವಾರ ಅವರು ಬರುವ ದಿನ. ಬೆಳಗ್ಗೆಯೇ ಅಪ್ಪ ಮಷೀನು ನಿಲ್ಲಿಸಿದ್ದರು. ನಾನು ಆಂಪ್ ಹಾಕಿ, ಅಮ್ಮ ಒಲೆ ಮುಂದೆ ಗುನುಗುವ ಒಂದು ದೇವರನಾಮದ ಮೊದಲ ಸಾಲು ಮೀಟಿದೆ. ಅಯ್ಯೋ ಶಿವನೇ! ದೇವರಿಗೇ ಕೆಮ್ಮು ಹತ್ತಿದಂತೆ ಕೇಳಿಸಿತು. ಗೊರಗೊರ, ಗೊರಗೊರ. ನಾಲ್ಕು ತಂತಿ ಒಟ್ಟಿಗೆ ಮೀಟಿದರೆ ಯಾವುದು ಯಾವುದೋ ಗೊತ್ತಾಗದ ಹಾಗೆ ಮುದ್ದೆಯಾಗಿ ಬರುತ್ತಿತ್ತು. ಗೊರಗೊರ ಮಾಡಿಸುವ ಬಟನ್ ನೋಡಿದೆ, ಅದು ಆಫ್ ಆಗಿಯೇ ಇತ್ತು. ಇಷ್ಟು ದಿನ ಈ ಹರಕು ಗಂಟಲನ್ನು ಮಷೀನು ಮುಚ್ಚಿಡುತ್ತಿತ್ತು. ನನಗೆ ಅಳುವೇ ಬಂತು.

ಅಡುಗೆಮನೆಯಿಂದ ಅಮ್ಮ "ಏನೇ ಅದು, ಮಿಕ್ಸಿ ಸುಟ್ಟೋಯ್ತಾ?" ಅಂತ ಕೂಗಿದಳು. ಮಷೀನು ನಿಂತಿದ್ದರೂ ಅವಳ ದನಿ ನಿಂತಿರಲಿಲ್ಲ.

ಆಫೀಸಿನ ಹುಡುಗನಿಗೆ ಫೋನ್ ಹಚ್ಚಿದೆ. ನಿದ್ದೆಗಣ್ಣಲ್ಲಿ ಎದ್ದವನು ಎಲ್ಲ ಕೇಳಿ ಬಿದ್ದು ಬಿದ್ದು ನಕ್ಕ. "ಲೇ ಗುರು, ಎಲ್ಲಾ ಫುಲ್ ಇಟ್ಕೊಂಡು ಬಾರಿಸ್ತಿದ್ದೀಯಾ? ಪಿಕಪ್ಪೇ ಅಷ್ಟೊಂದು ತಳ್ತಿದೆ, ಆಂಪಿಗೆ ಉಸಿರು ಕಟ್ಟತ್ತೆ. ಮೊದ್ಲು ಗಿಟಾರ್ ಗುಂಡೀನ ಅರ್ಧಕ್ಕಿಳಿಸು. ಆಂಪಲ್ಲಿ ಗೇನ್ ಅಂತ ಗುಂಡಿ ಇದ್ಯಲ್ಲ, ಅದನ್ನೂ ಇಳಿಸು. ಆಮೇಲೆ ಪಿಕಪ್ಪಿನ ಎರಡೂ ಪಕ್ಕ ಸ್ಕ್ರೂ ಇದೆ ನೋಡು, ಅದನ್ನ ಸಡಿಲ ಮಾಡಿ ಪಿಕಪ್ಪನ್ನೇ ತಂತಿಯಿಂದ ಕೆಳಗೆ ಇಳಿಸು. ದಪ್ಪ ತಂತಿ ಕಡೆ ಜಾಸ್ತಿ, ಸಣ್ಣ ತಂತಿ ಕಡೆ ಕಮ್ಮಿ. ಜೋರು ಬೇಕು ಅಂದ್ರೆ ಆಂಪಿನ ಕೊನೇ ಗುಂಡಿ, ಅದೊಂದನ್ನೇ ಏರಿಸು."

ಇಳಿಸು, ಇಳಿಸು, ಇಳಿಸು! ಒಂದನ್ನೂ ಇಳಿಸಿ ಗೊತ್ತಿಲ್ಲದ ಮನೆಯಲ್ಲಿ ಹುಟ್ಟಿದವಳಿಗೆ ಈ ಉಪದೇಶ. ಆದರೂ ಮಷೀನಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದು ಕೂತೆ. ಕೋಪದಲ್ಲಿ ತಿರುಗಿಸಿದ್ದೇ ತಿರುಗಿಸಿದ್ದು, ಸ್ಕ್ರೂ ಪೂರ್ತಿ ಬಿಚ್ಚಿಹೋಗಿ ಪಿಕಪ್ಪಿನ ಒಂದು ಪಕ್ಕ ಗುಳಿಯೊಳಗೆ ಕುಸಿಯಿತು. ಅದರ ಸ್ಪ್ರಿಂಗು ಹಾರಿ ಅಪ್ಪನ ಕಾಲ ಬಳಿ ಬಿತ್ತು.

ಅಪ್ಪ ಬಿಳಿ ಪಂಚೆ ಉಟ್ಟು ಅತ್ತಿಂದಿತ್ತ ಓಡಾಡುತ್ತಿದ್ದರು. ಗಿಟಾರು ಅಟ್ಟಕ್ಕೆ ಹೋದರೆ ಅವರಿಗೇನೂ ನಷ್ಟವಿರಲಿಲ್ಲ. ಆದರೆ ಜನ್ಮವೆಲ್ಲ ಮಷೀನು ರಿಪೇರಿ ಮಾಡಿದ ಮನುಷ್ಯ, ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ನೋಡಲಾರರು. "ಕೊಡಿಲ್ಲಿ, ದಂಡಪಿಂಡ" ಅಂತ ಪಂಚೆ ಮೇಲೆತ್ತಿ ಪಕ್ಕದಲ್ಲಿ ಕೂತೇಬಿಟ್ಟರು. ನಾನು ತಂತಿ ಸಡಿಲ ಮಾಡಿದೆ, ಅವರು ಬೆರಳು ತೂರಿಸಿ ಸ್ಪ್ರಿಂಗು ಕೂರಿಸಿದರು. ಆಮೇಲೆ ಅವರು ಒಂದು ಸುತ್ತು ತಿರುಗಿಸೋದು, ನಾನು ಮೀಟೋದು. ಇನ್ನೊಂದು ಸುತ್ತು, ಇನ್ನೊಂದು ಮೀಟು. ಗುಂಡಿ ಇಳಿಸಿದ್ದಕ್ಕೆ ನಾದ ಸ್ವಲ್ಪ ಮಂಕಾಯಿತು, ನಾದ ಚುರುಕು ಮಾಡುವ ಟ್ರೆಬಲ್ ಗುಂಡಿ ಒಂಚೂರು ಏರಿಸಿದೆ. ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ಕು ಬಿಸಾಕಿ ಬೆರಳಲ್ಲೇ ಮೀಟಿದೆ.

ಬಂತು. ನಾಲ್ಕು ತಂತಿ ಮೀಟಿದರೆ ನಾಲ್ಕೂ ಬೇರೆಬೇರೆಯಾಗಿ, ತೊಳೆದಿಟ್ಟ ಲೋಟಗಳ ಹಾಗೆ. ನನ್ನ ಕೈಯಲ್ಲಿ ಇಂಥದ್ದೊಂದು ಇದೆ ಅಂತ ನನಗೇ ಗೊತ್ತಿರಲಿಲ್ಲವಲ್ಲ! ಖುಷಿಗೆ ಕಣ್ಣು ಒದ್ದೆಯಾಯಿತು. ಅಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ "ಇನ್ನೊಂದ್ಸಲ" ಅಂದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಗಂಡಿನ ಕಡೆಯವರು ಬಂದರು. ಹುಡುಗ, ಅವನ ತಾಯಿ ತಂದೆ, ಕಿವಿ ಸ್ವಲ್ಪ ಮಂದವಾಗಿದ್ದ ಅವನ ಅಜ್ಜಿ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲರ ಕೈಗೆ ಬಂತು. ಕರಿ ಗಿಟಾರು ಆಚೆ ಬಂದಾಗ ಹುಡುಗನ ತಂದೆ ಚಮಚ ಬಾಯಲ್ಲಿಟ್ಟುಕೊಂಡೇ ಉಳಿದರು. ಒಂದು ವಿಮಾನ ಮೇಲೆ ಹಾದುಹೋಗಲಿ ಅಂತ ಕಾದು, ದೇವರನಾಮ ಶುರು ಮಾಡಿದೆ. ಒಂದು ಕಡೆಯೂ ಗೊರಗೊರ ಇಲ್ಲ. ತಪ್ಪಿಲ್ಲದೆ ಮುಗಿಸಿದೆ. ಹುಡುಗ ಉಪ್ಪಿಟ್ಟು ಮರೆತು ಕೂತಿದ್ದ.

ಅವನ ತಾಯಿಗೆ ಸಮಾಧಾನವಾಗಿತ್ತು. ಒಳ್ಳೆ ಹೆಂಗಸು, ಒಳ್ಳೆ ಮನಸ್ಸಿನಿಂದಲೇ ಅಂದರು: "ನಾನು ಏನೋ ಅಂತ ಹೆದರ್ಕೊಂಡಿದ್ದೆ ಕಣಮ್ಮ. ಇಷ್ಟು ಮೆತ್ತಗಾದ್ರೆ ಧಾರಾಳವಾಗಿ ತಗೊಂಬಾ. ರೂಮಿನ ಬಾಗ್ಲು ಹಾಕ್ಕೊಂಡ್ರೆ ಯಾರ ಕಿವಿಗೂ ಬೀಳಲ್ಲ."

ಅಪ್ಪ ಗೆದ್ದವರ ಹಾಗೆ ನನ್ನ ಮುಖ ನೋಡಿದರು. ಗಿಟಾರು ನನ್ನ ಜೊತೆ ಬರುವುದು ಗ್ಯಾರಂಟಿಯಾಗಿತ್ತು. ಕೇಳಿದ್ದು ಸಿಕ್ಕಿತ್ತು, ಆದರೂ ನನಗೆ ಸಮಾಧಾನವಾಗಲಿಲ್ಲ. ಬೆಳಗ್ಗೆಯಿಂದ ಒದ್ದಾಡಿದ್ದು ನಾದ ಶುದ್ಧವಾಗಲಿ ಅಂತ, ಯಾರ ಕಿವಿಗೂ ಬೀಳದಿರಲಿ ಅಂತಲ್ಲ. ಅಮ್ಮ ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದಳು. ನನಗೆ ಸುಮ್ಮನಿರೋಕೆ ಬಂದಿದ್ದರೆ ತಾನೇ?

ಆಂಪು ಹುಡುಗನ ಕುರ್ಚಿ ಪಕ್ಕದಲ್ಲೇ ಇತ್ತು. "ರೀ, ಆ ಕೊನೇ ಗುಂಡಿ ಸ್ವಲ್ಪ ತಿರುಗಿಸ್ತೀರಾ?" ಅಂದೆ. ಅವನಿಗೆ ಹೇಳಿದ ಮೊದಲ ಮಾತು ಅದೇ.

ಅವನು ಗುಂಡಿಗೆ ಕೈ ಹಾಕಿ ತಾಯಿಯ ಕಡೆ ನೋಡಿದ. "ಎಷ್ಟು ತಿರುಗಿಸ್ಲಿ?"

"ನಿಮ್ಮನೇಲಿ ನಾನು ಎಷ್ಟು ಕೇಳಿಸ್ಬೇಕು ಅನ್ಸುತ್ತೋ ಅಷ್ಟು."

ಅಪ್ಪ ಪಂಚೆ ಸರಿಮಾಡಿಕೊಂಡರು. ಹುಡುಗ ತಾಯಿಯ ಮುಖದಿಂದ ಕಣ್ಣು ತೆಗೆದು ನನ್ನನ್ನು ನೋಡಿದ, ಫೋಟೋದಲ್ಲಿ ತಡೆದುಕೊಂಡಿದ್ದ ನಗುವನ್ನು ಬಿಟ್ಟುಬಿಟ್ಟ. ಆಮೇಲೆ ತಿರುಗಿಸಿದ. ನಾನು ಸಾಕು ಅಂತೀನೇನೋ ಅಂತ ನೋಡುತ್ತಾ, ಇನ್ನೂ ತಿರುಗಿಸಿದ. ನಾನು ಮೀಟಿದೆ. ತಟ್ಟೆಯಲ್ಲಿದ್ದ ಚಮಚಗಳು ನಡುಗಿದವು, ಎದುರುಮನೆಯವರು ಬಾಗಿಲಿಗೆ ಬಂದರು. ಅಷ್ಟು ಜೋರಲ್ಲೂ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸುತ್ತಿತ್ತು.

ಅಜ್ಜಿ ಕೂತಲ್ಲೇ ಮುಂದಕ್ಕೆ ಬಾಗಿ, "ಓ, ಬಾರಿಸ್ತಿದ್ಯೇನವ್ವಾ? ಈಗ ಕೇಳ್ತು ನೋಡು" ಅಂದರು.

ಅವರು ಒಪ್ಪಿಗೆ ಹೇಳಿ ಕಳಿಸಿದ್ದು ಮಾರನೇ ದಿನ. ನಾನು ಆ ಗುಂಡಿ ತಿರುಗುವಾಗಲೇ ಒಪ್ಪಿಬಿಟ್ಟಿದ್ದೆ.