ಅಕ್ಕನ ಕಾಲಿಗೆ ನೆಲ ಎಟುಕಿದ ದಸರಾ

ಮಹಾನವಮಿಯ ಬೆಳಗ್ಗೆ ಒಂದು ಬೂದುಗುಂಬಳಕಾಯಿ, ನಾಲ್ಕು ನಿಂಬೆಹಣ್ಣು, ಒಂದು ಮೊಳ ಚೆಂಡುಹೂ ಹಿಡಿದುಕೊಂಡು ನಾನು, ನಮ್ಮಕ್ಕ ಎರ್ನಾಕುಲಂ ಪಕ್ಕದ ತ್ರಿಪ್ಪುಣಿತ್ತುರದ ವರ್ಕ್‌ಶಾಪೊಂದಕ್ಕೆ ಹೋದೆವು. ಬೈಕಿಗೆ ಪೂಜೆ ಮಾಡಲು. ಹೋಗಿ ನೋಡಿದರೆ ಬೈಕಿಗೆ ಮುಂದಿನ ಗಾಲಿಯೇ ಇಲ್ಲ!

ನಿಂಬೆಹಣ್ಣನ್ನು ಯಾವುದರ ಕೆಳಗೆ ಇಡಬೇಕು, ನೀವೇ ಹೇಳಿ?

ಬೈಕು ಎಂದರೆ ಈಗಿನ ಹಗುರ ಬೈಕಲ್ಲ. ಮಹಾಯುದ್ಧದ ಕಾಲದ ಇಂಗ್ಲಿಷ್ ಗಾಡಿ. ಮಿಲಿಟರಿಯವರು ಹರಾಜು ಹಾಕಿದಾಗ ನಮ್ಮಪ್ಪ ಧಾರವಾಡಕ್ಕೆ ತಂದದ್ದು. ಅಪ್ಪ ಎಂಜಿನ್ ಬಿಚ್ಚಿದಾಗಲೆಲ್ಲ ಪಕ್ಕದಲ್ಲಿ ಕೂತು ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತಿದ್ದವಳು ಅಕ್ಕ. ಅಣ್ಣನಿಗೆ ಅದರ ಹೊಗೆಯೂ ಆಗುತ್ತಿರಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ, "ಗಾಡಿ ನನಗ ಬೇಕು" ಎಂದಳು ಅಕ್ಕ. ಅಣ್ಣ ನಕ್ಕುಬಿಟ್ಟ.

ನಗಲು ಕಾರಣವಿತ್ತು. ಅಕ್ಕ ಟ್ರಿವೆಂಡ್ರಮ್ಮಿನ ಕೇಂದ್ರ ಸರ್ಕಾರಿ ಸಂಸ್ಥೆಯೊಂದರಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ತಲೆ ಬಲು ಚುರುಕು. ಎತ್ತರ ಮಾತ್ರ ಐದಡಿಗೂ ಕಮ್ಮಿ. ಆ ಗಾಡಿಯ ಮೇಲೆ ಕೂತರೆ ಅವಳ ಎರಡೂ ಕಾಲು ಗಾಳಿಯಲ್ಲಿ. ಧಾರವಾಡದ ಮೈದಾನದಲ್ಲಿ ಚೆನ್ನಾಗಿಯೇ ಓಡಿಸಿದಳು, ನಿಲ್ಲಿಸಲು ಹೋಗಿ ಧೊಪ್ಪನೆ ಬಿದ್ದಳು.

"ಗಾಡಿ ನಿಮ್ಮ ಕಡೆ ಒಯ್ಯಿ. ದಸರಾಕ್ಕ ಅಲ್ಲಿಗೆ ಬರತೇನಿ. ಅಷ್ಟರಾಗ ಯಾರೂ ಹಿಡಕೊಳ್ಳದ ಓಡಿಸಿ, ನಿಲ್ಲಿಸಿ ತೋರಿಸು. ಗಾಡಿ ನಿಂದು. ಇಲ್ಲಾಂದ್ರ ತೊಗೊಂಡು ಹೋಗಿ ಮಾರತೇನಿ" ಎಂದ ಅಣ್ಣ. ಗಿರಾಕಿ ಆಗಲೇ ಗೊತ್ತಾಗಿದ್ದ.

ನಾನಾಗಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ಅಕ್ಕ ಅಳತೆ ಟೇಪು ಹಿಡಿದು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನನ್ನ ಕಾಲು ಉದ್ದ ಮಾಡಲಿಕ್ಕೆ ಆಗೂದಿಲ್ಲ. ಗಾಲಿ ಸಣ್ಣದು ಮಾಡಬಹುದಲ್ಲ?"

ಹೇಳಿದಷ್ಟು ಸುಲಭವೇ? ಹಳೆಯ ಫೋರ್ಕು, ಅಂದರೆ ಮುಂದಿನ ಗಾಲಿಯನ್ನು ಹಿಡಿದುಕೊಳ್ಳುವ ಕವಲು, ಇಕ್ಕಟ್ಟಿನದು. ಸಣ್ಣ, ದಪ್ಪ ಟೈರು ಅದರೊಳಗೆ ಕೂರುವುದಿಲ್ಲ. ಹಾಗಾಗಿ ಗಾಲಿಯ ಜೊತೆ ಫೋರ್ಕೂ ಬದಲಾಗಬೇಕು. ಗಾಡಿ ಗೂಡ್ಸ್ ರೈಲಿನಲ್ಲಿ ಎರ್ನಾಕುಲಂಗೆ ಬಂತು. ಅಲ್ಲಿಂದ ತ್ರಿಪ್ಪುಣಿತ್ತುರದ ನಮ್ಮ ಮನೆಗೆ. (ನಮ್ಮವರು ಇಲ್ಲಿ ಬ್ಯಾಂಕಿನಲ್ಲಿದ್ದಾರೆ. ನನ್ನ ವರಾಂಡ ಈಗ ಗ್ರೀಸಿನಲ್ಲಿದೆ.) ಅಕ್ಕ ರಜೆ ಸಿಕ್ಕಾಗಲೆಲ್ಲ ಟ್ರಿವೆಂಡ್ರಮ್ಮಿನಿಂದ ಬಂದು ಮಟ್ಟಾಂಚೇರಿಯ ಗುಜರಿ ಅಂಗಡಿಗಳನ್ನು ಜಾಲಾಡಿದಳು. ಕೊನೆಗೊಂದು ಒಡೆದ ಬೈಕಿನ ಫೋರ್ಕು, ಎರಡು ಕುಳ್ಳ ಗಾಲಿ ಸಿಕ್ಕವು. ಸೀರೆ ಅಂಗಡಿಯಲ್ಲೂ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ!

ಕೆಲಸ ಹಿಡಿದವರು ನಮ್ಮ ಬೀದಿಯ ಮಾಧವನ್ ಆಶಾನ್. ಆಶಾನ್ ಎಂದರೆ ಗುರುಗಳು. ಇಲ್ಲಿ ಒಳ್ಳೆಯ ಮೆಕ್ಯಾನಿಕ್ಕಿಗೂ ಆ ಮರ್ಯಾದೆ ಉಂಟು. ಹೊಸ ಫೋರ್ಕಿನ ದಂಡ ಹಳೆಯ ಗಾಡಿಯ ಕತ್ತಿನಲ್ಲಿ ಲೊಡಲೊಡ ಎನ್ನುತ್ತಿತ್ತು. ಅಕ್ಕ ಚಿತ್ರ ಬರೆದಳು, ಆಶಾನ್ ಸಂದು ತುಂಬಲು ಲೇತಿನಲ್ಲಿ ಕಬ್ಬಿಣದ ಬಳೆ ಕಡೆದರು, ಫೋರ್ಕು ಕೂತಿತು. ಹಿಂದಿನ ಗಾಲಿಯೂ ಏರಿತು. ಉಳಿದದ್ದು ಮುಂದಿನ ಗಾಲಿ. ಅದು ನವಮಿಯ ಬೆಳಗ್ಗೆ, ಆಮೇಲೆ ಪೂಜೆ, ಸಂಜೆ ಸವಾರಿ. ಇದು ನಮ್ಮ ಲೆಕ್ಕ. ಧಾರವಾಡದಲ್ಲಿ ಖಂಡೇಪೂಜೆಯ ದಿನ ಗಾಡಿ ತೊಳೆದು, ಹೂ ಮುಡಿಸಿ, ಊರು ಸುತ್ತಿಸುವುದಲ್ಲವೇ?

ಇಲ್ಲಿ ಹಾಗಲ್ಲ! ಅಷ್ಟಮಿಯ ಸಂಜೆಯೇ ಆಶಾನ್ ಇದ್ದಬದ್ದ ಪಾನಾ, ಸುತ್ತಿಗೆಗಳನ್ನೆಲ್ಲ ತೊಳೆದು, ದೀಪದ ಮುಂದಿಟ್ಟು, ಕೆಂಪು ಬಟ್ಟೆ ಹೊದಿಸಿದ್ದರು. ಮಕ್ಕಳ ಪುಸ್ತಕವೂ ಅಲ್ಲೇ. "ಪೂಜ ವೆಚ್ಚು. ಇನಿ ತೊಡಾನ್ ಪಾಡಿಲ್ಲ" ಎಂದರು. ಪೂಜೆಗಿಟ್ಟಾಯಿತು, ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ.

ಅಣ್ಣ ಬರುವುದೂ ವಿಜಯದಶಮಿಯ ಬೆಳಗ್ಗೆಯೇ!

ನನಗೆ ಪಿತ್ತ ನೆತ್ತಿಗೇರಿತು. ಗೊತ್ತಿದ್ದ ಮಲಯಾಳದಲ್ಲೆಲ್ಲ ಜಗಳವಾಡಿದೆ. ಆಮೇಲೆ ಅಕ್ಕನ ಕಿವಿಯಲ್ಲಿ, "ನಿನ್ನ ಚೀಲದಾಗ ಅಪ್ಪನ ಪಾನಾ ಐತಲ್ಲ, ನಾವ ಹಾಕೂಣು" ಎಂದೆ.

ಅಕ್ಕ ಚೀಲವನ್ನು ತೆರೆಯಲಿಲ್ಲ. "ಅವರ ಅಂಗಳದಾಗ ಕೂತು ಅವರ ನೇಮ ಮುರಿಯೂದೇನ? ಗಾಡಿ ಹೋದರ ಹೋಗಲಿ, ಸುಮ್ಮನಿರು" ಎಂದಳು. ಆಮೇಲೆ ತಾನೇ ಚೀಲ ಬಿಚ್ಚಿ ಅಪ್ಪನ ಪಾನಾ ತೆಗೆದು, ಒರೆಸಿ, ಆಶಾನರ ಕೈಗೆ ಕೊಟ್ಟಳು. ಅದೂ ಕೆಂಪು ಬಟ್ಟೆಯ ಕೆಳಗೆ ಸೇರಿತು. (ಕುಂಬಳಕಾಯಿ ಅವರ ಮನೆಯಲ್ಲಿ ತೆಂಗಿನಹಾಲಿನಲ್ಲಿ ಬೆಂದು ಓಲನ್ ಆಯಿತು.)

ನನ್ನ ಕೈಲಿ ಆಗುತ್ತಿತ್ತೇ? ದೇವರಾಣೆ ಇಲ್ಲ.

ಮರುದಿನ ಬೆಳಗ್ಗೆ ಕೆಂಪು ಬಟ್ಟೆ ಸರಿಸಿ ಪೂಜೆ ಎತ್ತಿದರು. ಒಳಗೆ ಮನೆಯ ಪುಟ್ಟ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುತ್ತಿದ್ದರು. ಹೊರಗೆ ಆಶಾನ್ ಮುಂದಿನ ಗಾಲಿ ಕೂರಿಸಿ, ಅಪ್ಪನ ಪಾನಾವನ್ನು ಅಕ್ಕನ ಕೈಗಿಟ್ಟು, ಆ ಕೈಯ ಮೇಲೆ ತಮ್ಮ ಕೈ ಇಟ್ಟು ಮೊದಲ ನಟ್ಟು ಬಿಗಿಸಿದರು. ಅಕ್ಕ ವೀಳ್ಯದೆಲೆ ಕೊಟ್ಟು ಕಾಲಿಗೆ ನಮಸ್ಕರಿಸಿದಳು. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ?

ಆಮೇಲೆ ನಮ್ಮಜ್ಜಿಯಂತೆ ಸೀರೆಯ ಕಚ್ಚೆ ಬಿಗಿದು ಹತ್ತಿದಳು ನೋಡಿ! ಅಂಬಲಮುಗಳ್ ರಸ್ತೆಯಲ್ಲಿ ಗುಡುಗುಡು ಎನ್ನುತ್ತ ಮಾಯವಾದಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲೇ ಉತ್ತರಿಸುವ ನನ್ನ ಮಗಳು "ವಲ್ಯಮ್ಮೇ, ಪದುಕ್ಕೆ!" ಎಂದು ಕೂಗಿದಳು. ದೊಡ್ಡಮ್ಮ ನಿಧಾನವಾಗಿ ಹೋಗಬೇಕಂತೆ! ಯಾರು ಕೇಳುತ್ತಾರೆ?

ಅಷ್ಟರಲ್ಲಿ ನಮ್ಮವರ ಜೊತೆ ಸ್ಟೇಷನ್ನಿನಿಂದ ಅಣ್ಣ ಬಂದ. ಅಂಗಿಯ ಜೇಬಿನಲ್ಲಿ ಧಾರವಾಡದ ಬನ್ನಿ ಎಲೆ. ಅಕ್ಕ ತಿರುಗಿ ಬಂದು ಅವನ ಎದುರೇ ಬ್ರೇಕು ಹಾಕಿದಳು. ಎರಡೂ ಪಾದ ನೆಲದ ಮೇಲೆ ಊರಿದಳು. ಗಾಡಿ ಅಲುಗಲಿಲ್ಲ.

ಇಳಿದು ಸ್ಟ್ಯಾಂಡ್ ಹಾಕಲು ಹೋದಳು. ಅದು ನೆಲಕ್ಕೆ ತಾಗಿ ಕೆಳಗಿಳಿಯುತ್ತಲೇ ಇಲ್ಲ! ಗಾಲಿ ಕುಳ್ಳಾಯಿತು, ಗಾಡಿ ತಗ್ಗಾಯಿತು, ಸ್ಟ್ಯಾಂಡು ಮಾತ್ರ ಹಳೆಯ ಎತ್ತರದ್ದೇ. ಅದರ ನೆನಪು ಅಕ್ಕನಿಗೂ ಆಗಿಲ್ಲ, ಆಶಾನರಿಗೂ ಆಗಿಲ್ಲ. ಗಾಡಿ ವಾಲತೊಡಗಿದಾಗ ಅಣ್ಣನೇ ಓಡಿ ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಾರೂ ಹಿಡೀಬಾರದು ಅಂದಿದ್ದೆ" ಎಂದ.

"ಓಡಿಸಿದೆ, ನಿಲ್ಲಿಸಿದೆ. ಇಳಿಯೂ ಮಾತು ನೀ ಆಡಿರಲಿಲ್ಲ" ಎಂದಳು ಅಕ್ಕ.

ಗಾಲಿಯ ಕೆಳಗಿಡಲು ಹಲಗೆ ಹುಡುಕುತ್ತ ಆಶಾನ್ ಒಳಗೆ ಹೋದರು. ಅಕ್ಕ ಅಣ್ಣನ ಜೇಬಿನಿಂದ ಬನ್ನಿ ತೆಗೆದು, ಅವನ ಬೆರಳ ಸಂದಿಯಲ್ಲಿ ಸಿಕ್ಕಿಸಿ, "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎಂದಳು. ಅಣ್ಣ ಅಲುಗುವಂತಿರಲಿಲ್ಲ. ಟ್ಯಾಂಕಿನ ಮೇಲೆ ಅಪ್ಪನ ಉಂಗುರ ತಾಗಿ ತಾಗಿ ಬಿದ್ದ ಗೀರುಗಳಿವೆ. ಅವನ ಹೆಬ್ಬೆರಳು ಅವುಗಳ ಮೇಲೆ ಮೆಲ್ಲಗೆ ಆಡುತ್ತಿತ್ತು. ಹಲಗೆ ಬಂದ ಮೇಲೂ ಅವನು ಕೈ ತೆಗೆಯಲಿಲ್ಲ.

ಗಿರಾಕಿಯ ಸುದ್ದಿ ಮತ್ತೆ ಬರಲಿಲ್ಲ. ಮುಂದಿನ ತಿಂಗಳು ಗಾಡಿ ಟ್ರಿವೆಂಡ್ರಮ್ಮಿಗೆ ಹೋಗುತ್ತದೆ, ಅಕ್ಕನೇ ಓಡಿಸಿಕೊಂಡು. ಸ್ಟ್ಯಾಂಡನ್ನು ಒಂದಿಷ್ಟು ಕೊಯ್ದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಆಶಾನ್. ಹಿಡಿದುಕೊಳ್ಳಲು ಅಣ್ಣ ಇನ್ನೂ ನಾಲ್ಕು ದಿನ ಇಲ್ಲೇ ಇರುತ್ತಾನಂತೆ. ಕೊಯ್ಯಲು ಅಷ್ಟು ಅವಸರವೇನು?