ಚಿಕ್ಕತಾಯಮ್ಮನ ಕಜ್ಜಾಯಕ್ಕೆ ನಾಲ್ಕು ಅಂಕ

1974ರಲ್ಲಿ ನಾನು ಮಂಡ್ಯದ ಕಾಲೇಜೊಂದರಲ್ಲಿ ಗೃಹವಿಜ್ಞಾನದ ಉಪನ್ಯಾಸಕಿಯಾಗಿದ್ದೆ. ಊರಿನವರು ನಮ್ಮ ವಿಭಾಗವನ್ನು 'ಅಡುಗೆ ಕ್ಲಾಸು' ಎನ್ನುತ್ತಿದ್ದರು, ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹಾಗಾಗಿ ಆ ವರ್ಷದ ವಸ್ತುಪ್ರದರ್ಶನದ ಸಮಿತಿಯವರು ಬಂದು, "ಮೇಡಂ, ನೀವು ಸಿಹಿತಿಂಡಿ ತಿಂದು ಮಾರ್ಕ್ಸ್ ಹಾಕಿಕೊಡಬೇಕು" ಎಂದಾಗ ನಾಲ್ಕು ಮಾತು ಬೈದು ಕಳಿಸೋಣ ಅನ್ನಿಸಿತು. ಪೂರ್ತಿ ಕೇಳಿದ ಮೇಲೆ ಒಪ್ಪಿಕೊಂಡೆ. ಪ್ರದರ್ಶನದ ಮೈದಾನದಲ್ಲಿ ಸಿಹಿ ಅಂಗಡಿಗೆಂದು ಇದ್ದದ್ದು ಒಂದೇ ಜಾಗ. ಅದು ಪ್ರತಿ ಸಲವೂ ವಶೀಲಿ ಇದ್ದವರ ಪಾಲಾಗುತ್ತದೆಂದು ಜನ ಆಡಿಕೊಳ್ಳುತ್ತಿದ್ದರು. ಈ ಸಲ ಮಂಡ್ಯ, ಮದ್ದೂರು, ಮಳವಳ್ಳಿಯ ಹೋಟೆಲುಗಳಲ್ಲೂ ಸಂತೆ ಅಂಗಡಿಗಳಲ್ಲೂ ಹೆಸರು ಕೊಟ್ಟವರ ಸಿಹಿಯನ್ನು ರುಚಿ ನೋಡಿ, ಹೆಚ್ಚು ಅಂಕ ಪಡೆದವರಿಗೆ ಜಾಗ ಕೊಡಬೇಕೆಂದು ತೀರ್ಮಾನಿಸಿದ್ದರು.

ನನ್ನ ಜೊತೆಗಿದ್ದ ಇನ್ನೊಬ್ಬ ತೀರ್ಪುಗಾರರು ನಿವೃತ್ತ ಹೆಡ್‌ಮಾಸ್ಟರ್ ಶಾಮಣ್ಣನವರು. ಊರಲ್ಲೆಲ್ಲ ಅವರು ಶಾಮಣ್ಣ ಮೇಷ್ಟ್ರು. ಹೊರಡುವ ಮುಂಚೆಯೇ ನಾನು ಅವರಿಗೆ ನಮ್ಮ ವಿಷಯದಲ್ಲಿ ಸೆನ್ಸರಿ ಇವ್ಯಾಲ್ಯುಯೇಷನ್ ಎನ್ನುವ ಕ್ರಮವನ್ನು ವಿವರಿಸಿದೆ. ಮೊದಲು ಬಣ್ಣ ನೋಡಬೇಕು, ಆಮೇಲೆ ಮೂಸಬೇಕು, ಬೆರಳಲ್ಲಿ ಒತ್ತಿ ಹದ ನೋಡಬೇಕು, ಕೊನೆಗೆ ನಾಲಿಗೆಗೆ ಇಡಬೇಕು. ಒಂದು ತಿಂಡಿಗೂ ಇನ್ನೊಂದಕ್ಕೂ ನಡುವೆ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಅಂಕ ಹತ್ತಕ್ಕೆ. ಒಂದೇ ದಿನದ ರುಚಿಯನ್ನು ನಂಬುವ ಹಾಗಿಲ್ಲವಾದ್ದರಿಂದ ಕೆಲವು ವಾರ ಬಿಟ್ಟು ಎರಡನೆಯ ಸುತ್ತು. ಮೇಷ್ಟ್ರು ಎಲ್ಲದಕ್ಕೂ ತಲೆಯಾಡಿಸಿದರು.

ಮಂಡ್ಯದ ಹೋಟೆಲಿನ ಮೈಸೂರ್‌ಪಾಕ್ ನಿಜಕ್ಕೂ ಚೆನ್ನಾಗಿತ್ತು, ನಾನು ಎಂಟು ಹಾಕಿದೆ. ಮೇಷ್ಟ್ರು ಹತ್ತು ಹಾಕಿದರು. ಮದ್ದೂರಿಗೆ ಹೋಗಿ ವಡೆ ಬಿಟ್ಟು ಸಿಹಿ ಕೇಳಿದ ಮೊದಲಿಗರು ಬಹುಶಃ ನಾವೇ. ಅಲ್ಲಿನ ಜಹಾಂಗೀರ್ ಕೈಗೆಲ್ಲ ಬಣ್ಣ ಬಳಿಯುವಂತಿತ್ತು. ಅದಕ್ಕೂ ಮೇಷ್ಟ್ರದು ಹತ್ತು. ಶಾಲೆಯಲ್ಲಿ ಗಣಿತದ ಪೇಪರಿಗೆ ಹಿಂದೆಮುಂದೆ ನೋಡದೆ ಸೊನ್ನೆ ಸುತ್ತುತ್ತಾರೆಂದು ಹೆಸರಾಗಿದ್ದ ಮನುಷ್ಯ ಇವರೇನಾ ಅನ್ನಿಸಿತು. ಕೇಳಿಯೂ ಬಿಟ್ಟೆ.

"ಏನಮ್ಮ ಇದು, ತಿನ್ನೋ ಪದಾರ್ಥದಲ್ಲಿ ಹುಳುಕು ಹುಡುಕೋದುಂಟೆ?" ಎಂದರು.

ಅವರೊಬ್ಬರನ್ನೇ ದೂರಿ ಫಲವಿಲ್ಲ. ನಮ್ಮ ಕಡೆ ಎಲ್ಲರನ್ನೂ ಹಾಗೆಯೇ ಬೆಳೆಸಿರುತ್ತಾರೆ. ಸಾರಿಗೆ ಉಪ್ಪೇ ಬಿದ್ದಿರದಿದ್ದರೂ ಎಲೆಯ ಮುಂದೆ ಕೂತವರು ಚೆನ್ನಾಗಿದೆ ಎಂದೇ ಏಳುತ್ತಾರೆ. ಆದರೆ ಮೇಷ್ಟ್ರು ಎಲ್ಲರಿಗೂ ಹತ್ತು ಕೊಟ್ಟುಬಿಟ್ಟರೆ ಗೆಲ್ಲಿಸುವುದೂ ಸೋಲಿಸುವುದೂ ನನ್ನೊಬ್ಬಳ ಕೈಗೇ ಬರುತ್ತದೆ. ಅದು ನನಗೆ ಇಷ್ಟವಿರಲಿಲ್ಲ, ಭಯವೂ ಆಗಿತ್ತು.

ಸಂತೆಯ ದಿನ ಮಳವಳ್ಳಿಗೆ ಹೋದೆವು. ಹಲಗೂರಿನ ಕಡೆಯ ಚಿಕ್ಕತಾಯಮ್ಮ ಎಂಬಾಕೆ ಅಲ್ಲಿ ಕಲ್ಲೊಲೆ ಹೂಡಿ ಕಜ್ಜಾಯ ಕರಿದು ಮಾರುತ್ತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. ಹೋಟೆಲಿನವರ ನಡುವೆ ಹೆಸರು ಕೊಟ್ಟಿದ್ದ ಸಂತೆಯವಳು ಅವಳೊಬ್ಬಳೇ. ನಮಗೆಂದೇ ಒಗೆದ ಸೀರೆಯುಟ್ಟು, ಕೂರಲು ಗೋಣಿ ಹಾಸಿ ಕಾದಿದ್ದಳು. ಬೆಲ್ಲದ ಪಾಕ ಹದವಾಗಿತ್ತು, ಹಿಟ್ಟು ನುಣುಪಾಗಿತ್ತು. ಆದರೆ ಕಜ್ಜಾಯವನ್ನು ಮೂಗಿನ ಹತ್ತಿರ ತಂದ ಕೂಡಲೇ ಕಮಟು ವಾಸನೆ ಹೊಡೆಯಿತು. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುತ್ತ ಬಂದರೆ ಆಗುವುದೇ ಹೀಗೆ. ನಮ್ಮ ಪಾಠದಲ್ಲಿ ಅದಕ್ಕೆ ರ‍್ಯಾನ್ಸಿಡಿಟಿ ಎನ್ನುತ್ತಾರೆ. ಮೇಷ್ಟ್ರು ಕಷ್ಟಪಟ್ಟು ನುಂಗಿ, ಗಟ್ಟಿಯಾಗಿಯೇ "ಹತ್ತು" ಎಂದರು.

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು. "ನೀವೇನೂ ಅನ್ನನಿಲ್ವಲ್ಲ ಅಮ್ಮೋರೆ. ಎಷ್ಟ್ ಆಕುದ್ರಿ?"

ಹೋಟೆಲಿನವರು ಯಾರೂ ಇದನ್ನು ಕೇಳಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾಲ್ಕು" ಎಂದೆ.

"ನಾಕಾ? ಯಾಕೆ?"

"ಎಣ್ಣೆ ಕಮಟಾಗಿದೆಯಮ್ಮ."

ಆಕೆ ಒಂದನ್ನು ಮುರಿದು ಮೂಸಿದಳು. ಅವಳಿಗೆ ಏನೂ ತಿಳಿಯಲಿಲ್ಲ. ದಿನವಿಡೀ ಅದೇ ಹೊಗೆಯ ಮುಂದೆ ಕೂತವರ ಮೂಗಿಗೆ ಅದು ತಿಳಿಯುವುದೂ ಇಲ್ಲ. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಸಣ್ಣಮ್ಮನ ಕೈಗೆ ಅರ್ಧ ತುಂಡು ಕೊಟ್ಟಳು. "ಲೇ ಸಣ್ಣಿ, ನಿಜ ಏಳು. ವಾಸ್ನೆ ಬತ್ತದಾ?"

ಸಣ್ಣಮ್ಮ ಸೊಪ್ಪಿನ ಕಟ್ಟು ತಿರುವುತ್ತ ಮೆಲ್ಲಗೆ ಹೇಳಿದಳು: "ಬತ್ತದೆ ಕಣಕ್ಕ. ಬೋ ದಿವ್ಸದಿಂದ ಬತ್ತದೆ."

"ಮತ್ಯಾಕೆ ಏಳ್ನಿಲ್ಲ ನೀನು?"

"ತಿನ್ನೋದುನ್ನ ಅಂಗನ್ನಬಾರ್ದು ಅಂತ ಸುಮ್ಕಿದ್ದೆ."

ಚಿಕ್ಕತಾಯಮ್ಮ ಕೈಯಲ್ಲುಳಿದ ತುಂಡನ್ನು ಪಕ್ಕಕ್ಕಿಟ್ಟಳು. ಆಮೇಲೆ ನನಗೆ ಹೇಳಿದಳು: "ಎಲ್ಲಾರೂ ಚೆಂದಾಗದೆ ಅಂತಾರೆ ಅಮ್ಮೋರೆ, ತಿರ್ಗಾ ಮಾತ್ರ ಬರಾಕಿಲ್ಲ. ಯಾವ ಸಾಪ ಅಂತ ದೇವ್ರುಗೂ ಕೇಳುಸ್ದೆ. ಈ ಜಾಗಾನೂ ಸಿಕ್ನಿಲ್ಲ ಅಂದ್ರೆ ಬಾಂಡ್ಲಿ ಮಾರ್ಬುಟ್ಟು ಕಬ್ಬು ಕಡಿಯಾಕೆ ಓಯ್ತೀನಿ ಅಂತ ತೀರ್ಮಾನ ಮಾಡಿವ್ನಿ." ಹಾಗೆಯೇ ಮೇಷ್ಟ್ರ ಕಡೆ ತಿರುಗಿ, "ಅಲ್ಲ ಸ್ವಾಮಿ, ಇಸ್ಕೂಲ್ನಾಗೆ ಐಕಳ್ಗೆಲ್ಲ ಇಂಗೇ ಹತ್ತಕ್ಕತ್ತು ಕೊಡ್ತಿದ್ರಾ?" ಎಂದು ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹಳೆ ಎಣ್ಣೆಗೆ ಹೊಸದು ಸೇರಿಸಬೇಡಿ ಎಂದು ನಾನು ಹೇಳಿದೆ. "ಸಂತೆ ಸಂತೆಗೂ ಎಣ್ಣೆ ಚೆಲ್ಲಾಕೆ ನಾನೇನು ಪಟೇಲ್ರ ಮನೆಯೋಳಾ?" ಎಂದಳು. ಅದೂ ಸರಿಯೇ. ದೊಡ್ಡ ಬಾಣಲೆ ಬಿಟ್ಟು, ಒಂದು ಸಲಕ್ಕೆ ಎರಡೇ ಬೇಯುವಷ್ಟು ಚಿಕ್ಕದನ್ನು ಇಡಿ, ಹಾಕಿದ ಎಣ್ಣೆ ಆ ದಿನಕ್ಕೇ ಮುಗಿಯುತ್ತದೆ ಎಂದೆ. ಆಕೆ ಬಾಣಲೆಯತ್ತ ಒಮ್ಮೆ ನೋಡಿ, ಮುಂದಿನ ಕಜ್ಜಾಯ ತಟ್ಟತೊಡಗಿದಳು.

ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಒಂದು ಹಳೆಯ ಸಂಗತಿ ಹೇಳಿದರು. ಚಿಕ್ಕವರಿದ್ದಾಗ ಹುಳಿ ಚೆನ್ನಾಗಿಲ್ಲ ಎಂದದ್ದಕ್ಕೆ ಅವರ ತಾಯಿ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ್ದರಂತೆ. "ಅಂದಿನಿಂದ ನಾಲಿಗೆ ಏಳೋದಿಲ್ಲಮ್ಮ" ಎಂದರು.

"ಚಿಕ್ಕತಾಯಮ್ಮ ನಮಗೆ ಊಟ ಬಡಿಸುತ್ತಿಲ್ಲ ಮೇಷ್ಟ್ರೇ, ವ್ಯಾಪಾರ ಮಾಡುತ್ತಿದ್ದಾಳೆ" ಎಂದೆ.

ಎರಡನೆಯ ಸುತ್ತಿಗೆ ಹೊರಡುವಾಗ ಸಮಿತಿಯವರು ಅಂಕವನ್ನು ಅಲ್ಲಿಯೇ ಬಾಯಿಬಿಟ್ಟು ಹೇಳಕೂಡದು ಎಂದು ತಾಕೀತು ಮಾಡಿದರು. ಮಳವಳ್ಳಿಯ ಸಂಗತಿ ಅವರ ಕಿವಿಗೂ ಬಿದ್ದಿತ್ತು. ಮಂಡ್ಯದಲ್ಲಿ ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡು ಎಂಟು ಬರೆದರು. ಮದ್ದೂರಿನ ಜಹಾಂಗೀರಿಗೆ ಆರು. ನನಗೆ ನಗು ತಡೆಯಲಾಗಲಿಲ್ಲ. ಮಳವಳ್ಳಿಯಲ್ಲಿ ಕಲ್ಲೊಲೆಯ ಮೇಲೆ ಎರಡಂಗೈ ಅಗಲದ ಪುಟ್ಟ ಬಾಣಲೆ ಕೂತಿತ್ತು. ಕಮಟು ಹೋಗಿ ಬೆಲ್ಲ ಏಲಕ್ಕಿಯ ಪರಿಮಳ ಬರುತ್ತಿತ್ತು. ಅಂಚು ಗರಿಗರಿ, ನಡುವೆ ಮೆತ್ತಗೆ. ನಾನು ಎಂಟು ಹಾಕಿದೆ. ಮೇಷ್ಟ್ರು ಒಂದು ಪೂರ್ತಿ ತಿಂದು ಮುಗಿಸಿ, ಪರೀಕ್ಷೆಯ ಪೇಪರ್ ತಿದ್ದುವವರಂತೆ ಹುಬ್ಬು ಗಂಟಿಕ್ಕಿಕೊಂಡು ಏಳು ಬರೆದರು.

ಎರಡೂ ಸುತ್ತಿನ ಅಂಕ ಕೂಡಿಸಿದಾಗ ಜಾಗ ಮಂಡ್ಯದ ಹೋಟೆಲಿಗೆ ಹೋಯಿತು. ಮೊದಲು ಬಿದ್ದ ನಾಲ್ಕು ಚಿಕ್ಕತಾಯಮ್ಮನನ್ನು ಮೇಲೇಳಲು ಬಿಡಲಿಲ್ಲ. ನ್ಯಾಯವಾಗಿಯೇ ನಡೆದಿತ್ತು. ಆದರೂ ಪೋಸ್ಟಿನಲ್ಲಿ ತಿಳಿಸಿ ಕೈ ತೊಳೆದುಕೊಳ್ಳಲು ಮನಸ್ಸಾಗದೆ ಮುಂದಿನ ಸಂತೆಗೆ ನಾನೇ ಹೋದೆ. ಬಾಣಲೆ ಮಾರಿಬಿಟ್ಟಿರುತ್ತಾಳೆಂದು ದಾರಿಯುದ್ದಕ್ಕೂ ಹೆದರಿಕೊಂಡಿದ್ದೆ.

ಅವಳು ಅಲ್ಲೇ ಇದ್ದಳು. ಸುತ್ತ ಜನ ನಿಂತಿದ್ದರು. ಸೊಪ್ಪಿನ ಸಣ್ಣಮ್ಮ ಎಲೆಯಲ್ಲಿ ಕಜ್ಜಾಯ ಸುತ್ತಿ ಕೊಡುತ್ತಿದ್ದಳು. ನಾನು ತಡವರಿಸುತ್ತ ವಿಷಯ ಹೇಳಿದೆ.

"ಸಿಕ್ನಿಲ್ವಾ? ಓಗ್ಲಿ ಬುಡಿ ಅಮ್ಮೋರೆ," ಎಂದಳು ಜಾಲರಿ ಕೆಳಗಿಡದೆ. "ಓದ್ ಸಂತೇಲಿ ತಗಂಡೋರು ಈ ಸಂತೇಗೂ ಬಂದವ್ರೆ, ನೋಡಿ. ಕಬ್ಬು ಕಡಿಯಾಕೆ ಯಾರಾದ್ರೂ ಓಗ್ಲಿ. ಅದಿರ್ಲಿ, ಮೇಷ್ಟ್ರು ಎಷ್ಟ್ ಆಕುದ್ರು?"

ಫಲಿತಾಂಶ ಹೊರಬಿದ್ದಾಗಿತ್ತು, ಇನ್ನು ಮುಚ್ಚಿಡುವುದೇನೂ ಇರಲಿಲ್ಲ. "ಏಳು" ಎಂದೆ.

ಅವಳ ಮುಖವೆಲ್ಲ ಅರಳಿತು. "ಏಳಾ! ಹತ್ತು ಅಂದಿದ್ರೆ ನಂಬ್ತಿರ್ನಿಲ್ಲ." ಬಿಸಿ ಕಜ್ಜಾಯ ನಾಲ್ಕನ್ನು ಎಲೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. "ಇವುನ್ನ ಅವ್ರಿಗೆ ಕೊಟ್ಬುಟ್ಟು, ಮಿಕ್ಕ ಮೂರು ಮಾರ್ಕು ಎಲ್ಲೋಯ್ತು ಕೇಳ್ಕಂಡು ಬನ್ನಿ."

ಆಮೇಲೆ ನಿವೃತ್ತಿಯಾಗುವವರೆಗೂ ಸಾವಿರಾರು ಹುಡುಗಿಯರ ಪ್ರಾಕ್ಟಿಕಲ್ ಪರೀಕ್ಷೆಗೆ ನಾನು ಅಂಕ ಹಾಕಿದ್ದೇನೆ. ಜಿಪುಣಿ ಎಂದು ಅನ್ನಿಸಿಕೊಂಡಿದ್ದೇನೆ, ನನಗೇನೂ ಬೇಸರವಿಲ್ಲ. ಆದರೆ ಕಳೆದ ಒಂದೊಂದು ಅಂಕದ ಪಕ್ಕದಲ್ಲೂ ಅದು ಎಲ್ಲಿ ಹೋಯಿತೆಂದು ಬರೆಯದೆ ಒಮ್ಮೆಯೂ ಸಹಿ ಹಾಕಿಲ್ಲ.